ನಾದಿನಿಯ ಓಟದ ಫೋಟೋ

ನಾನು ಮೊದಲ ಸಲ ಓಟದ ಫೋಟೋ ತೆಗೆದದ್ದು ಅರಸೀಕೆರೆಯ ಹೈಸ್ಕೂಲು ಮೈದಾನದಲ್ಲಿ. ತೊಳೆದು ಬಂದ ಆ ಫೋಟೋದಲ್ಲಿ ಯಾರೂ ಇರಲಿಲ್ಲ. ಕೆಳಗೆ ಸುಣ್ಣದ ಗೆರೆ ಇತ್ತು, ಮೇಲೆ ದೂರದ ತೆಂಗಿನಮರಗಳ ತಲೆಗಳಿದ್ದವು. ನಡುವೆ ಹಸಿ ಸೌದೆಯ ಹೊಗೆ ಗಾಳಿಗೆ ವಾಲಿದ ಹಾಗೆ ಏನೋ ಒಂದು ಅಡ್ಡಲಾಗಿ ಎಳೆದುಕೊಂಡು ಹೋಗಿತ್ತು. ಆ ಹೊಗೆ ನನ್ನ ನಾದಿನಿ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮನೆ ಸ್ಟೇಷನ್ನಿಗೆ ಹತ್ತಿರ, ಒಗೆದು ಹರವಿದ ಬಟ್ಟೆಯ ಮೇಲೆ ಇಂಜಿನ್ನಿನ ಮಸಿ ಕೂರುವಷ್ಟು ಹತ್ತಿರ. ಮನೆಯಲ್ಲಿ ನಾವು ನಾಲ್ಕೇ ಜನ. ಅತ್ತೆ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ನಮ್ಮ ಯಜಮಾನರು, ಅದೇ ಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದ ಅವರ ತಂಗಿ, ನಾನು. ಐದನೆಯವರು ಒಬ್ಬರು ಬರಬೇಕಿತ್ತು. ಹಿಂದಿನ ಮಳೆಗಾಲದಲ್ಲಿ ನನಗೆ ಮೈಸೂರಿನ ತವರಿನಲ್ಲಿ ಹೆರಿಗೆಯಾಯಿತು. ಮಗು ಹೆಸರಿಡುವ ತನಕ ಉಳಿಯಲಿಲ್ಲ. ನಾಮಕರಣದ ದಿನ ಫೋಟೋ ತೆಗೆಯಬೇಕೆಂದು ಅಪ್ಪ ತಮ್ಮ ಹಳೆಯ ಡಬ್ಬ ಕ್ಯಾಮೆರಾಕ್ಕೆ ಹೊಸ ರೋಲು ತಂದಿಟ್ಟಿದ್ದರು. ನಾನು ಅರಸೀಕೆರೆಗೆ ಹೊರಟ ದಿನ ಆ ಕ್ಯಾಮೆರಾವನ್ನು, ಒಡೆಯದ ರೋಲಿನ ಸಮೇತ, ಒಂದು ಟವೆಲಿನಲ್ಲಿ ಸುತ್ತಿ ನನ್ನ ಬ್ಯಾಗಿನಲ್ಲಿ ಇಟ್ಟರು.

ಆ ದಿನಗಳಲ್ಲಿ ಯಾವುದೂ ನನ್ನ ಹತ್ತಿರಕ್ಕೆ ಬರುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯುತ್ತಿರಲಿಲ್ಲ, ತಿಂದ ಮೇಲೂ ತಿಳಿಯುತ್ತಿರಲಿಲ್ಲ. ಅಳು ಬರುತ್ತಿರಲಿಲ್ಲ. ಅತ್ತರೆ ಚೆನ್ನಾಗಿತ್ತು ಎಂದು ಅತ್ತೆ ಪಕ್ಕದ ಮನೆಯವರ ಹತ್ತಿರ ಹೇಳಿದ್ದು ಕಿವಿಗೆ ಬಿದ್ದಿತ್ತು. ಸಣ್ಣ ಸಣ್ಣ ವಸ್ತುಗಳು ಮಾತ್ರ ಬಹಳ ಸ್ಪಷ್ಟವಾಗಿ ಕಾಣುತ್ತಿದ್ದವು. ತಂಬಿಗೆಯ ಕಂಠದಲ್ಲಿ ಹುಣಸೆಹಣ್ಣು ತಲುಪದೆ ಉಳಿದ ಕಪ್ಪು ಗೆರೆ, ಕೊಬ್ಬರಿ ಗಾಡಿ ಹೋದ ಮೇಲೆ ಬೀದಿಯಲ್ಲಿ ಉಳಿಯುತ್ತಿದ್ದ ನಾರು, ಹೀಗೆ. ಅವನ್ನು ನೋಡುತ್ತಾ ನಿಂತುಬಿಡುತ್ತಿದ್ದೆ. ಹಾಲು ಉಕ್ಕಿ ಹೋಗುತ್ತಿತ್ತು.

ನಾದಿನಿಯ ಓಟವನ್ನು ಮನೆಯಲ್ಲಿ ಯಾರೂ ದೊಡ್ಡ ವಿಷಯ ಎಂದುಕೊಂಡಿರಲಿಲ್ಲ. ಸ್ಕೂಲಿನಲ್ಲಿ ಅವಳನ್ನು ಹಿಡಿಯುವವರಿಲ್ಲ ಎಂದು ಯಜಮಾನರು ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದರು. ಮಗಳಿಗೆ ಗಂಡು ಹುಡುಕುತ್ತಿದ್ದ ಅತ್ತೆಗೆ ಅದರಿಂದ ತಲೆನೋವೇ ಹೆಚ್ಚಾಗಿತ್ತು. ಬಿಸಿಲಿನಲ್ಲಿ ಓಡಿ ಓಡಿ ಮುಖ ಸುಟ್ಟ ಬದನೆಕಾಯಿ ಆಗಿದೆ ಎಂದು ಭಾನುವಾರ ಭಾನುವಾರ ಕಡಲೆಹಿಟ್ಟು, ಮೊಸರು ಕಲಸಿ ಹಚ್ಚುತ್ತಿದ್ದರು. ಗಂಡಿನ ಕಡೆಯವರಿಗೆ ಕಳಿಸಲೆಂದು ಪೇಟೆಯ ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿದ್ದರು. ಅದರಲ್ಲಿ ಹುಡುಗಿ ಹೂಕುಂಡದ ಸ್ಟ್ಯಾಂಡಿನ ಪಕ್ಕ ಕುರ್ಚಿಯಲ್ಲಿ ಜ್ವರ ಬಂದವಳ ಹಾಗೆ ಕೂತಿದ್ದಳು. ಒಂದು ಕಡೆಯಿಂದ ಜಾತಕ ಕೂಡಿಬರಲಿಲ್ಲ ಎಂದು ಅದು ವಾಪಸು ಬಂತು. ಅತ್ತೆ ಜಾತಕವನ್ನು ಬೈಯಲಿಲ್ಲ, ಫೋಟೋವನ್ನು ಬೈದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ನಾದಿನಿ ಹಿತ್ತಲಿನಲ್ಲಿ ತಲೆ ಒಣಗಿಸುತ್ತಾ ನನ್ನ ಪಕ್ಕ ಬಂದು ಕೂತಳು. ಆ ಡಬ್ಬ ಕ್ಯಾಮೆರಾ ನಡೆಯುತ್ತಾ ಎಂದು ಕೇಳಿದಳು. ನಡೆಯುತ್ತೆ ಅಂದೆ. ನಿಮಗೆ ತೆಗೆಯೋದಕ್ಕೆ ಬರುತ್ತಾ ಎಂದು ಕೇಳಿದಳು. ಚಿಕ್ಕವಳಿದ್ದಾಗ ಅಪ್ಪ ಹೇಳಿಕೊಟ್ಟು ಎರಡು ಮೂರು ಸಲ ಒತ್ತಿದ್ದೆ, ಅಷ್ಟೆ.

"ಹಂಗಾದ್ರೆ ನಾನು ಓಡೋದು ಒಂದು ಫೋಟೋ ತೆಗೆದುಕೊಡಿ ಅತ್ತಿಗೆ," ಅಂದಳು.

ಅದೆಲ್ಲ ಯಾಕೆ ಎಂದು ನಾನು ಕೇಳಿರಬೇಕು.

"ಪರೀಕ್ಷೆ ಮುಗಿದ ಮೇಲೆ ನಾನೆಲ್ಲಿ ಓಡ್ತೀನಿ? ನಾನು ಓಡೋದನ್ನ ಊರವರೆಲ್ಲ ನೋಡಿದಾರೆ. ನಾನೊಬ್ಬಳೇ ನೋಡಿಲ್ಲ."

ತಲೆಯಿಂದ ಒಂದು ಹನಿ ನೀರು ಅವಳ ಮೊಣಕೈಗೆ ಇಳಿದು ಅಲ್ಲೇ ನಿಂತಿತ್ತು. ನಾನು ಅದನ್ನು ನೋಡುತ್ತಿದ್ದೆ. ಸರಿ ಅಂದೆ.

ಹೆಸರಿಡುವ ದಿನಕ್ಕೆಂದು ತಂದ ರೋಲು ಹೀಗೆ ಹೈಸ್ಕೂಲು ಮೈದಾನಕ್ಕೆ ಹೋಯಿತು. ಒಂದು ರೋಲಿನಲ್ಲಿ ಎಂಟೇ ಫೋಟೋ. ಮೈದಾನದ ನಡುವೆ, ಬಿರುಬಿಸಿಲಿನಲ್ಲಿ ನಿಂತು ಕ್ಯಾಮೆರಾದ ಬೆನ್ನು ತೆಗೆದು ರೋಲು ಹಾಕಿದೆ. ಬಿಸಿಲು ಸಂದಿನಿಂದ ಒಳಗೆ ಹೊಕ್ಕು ಅರ್ಧದಷ್ಟನ್ನು ಸುಟ್ಟು ಹಾಕಿತ್ತು. ಉಳಿದದ್ದರಲ್ಲಿ ಒಂದು ನಾನು ಮೊದಲು ಹೇಳಿದ ಹೊಗೆ. ಇನ್ನೊಂದರಲ್ಲಿ ನಾದಿನಿ ನಿಂತೇ ಇದ್ದಳು, ಆದರೆ ಕಣ್ಣಿದ್ದ ಕಡೆ ಎರಡು ಕಪ್ಪು ಗುಳಿಗಳು, ಮೂಗಿನ ಕೆಳಗೆ ಮೀಸೆಯಂಥ ನೆರಳು. ನೋಡಿ ಅವಳೇ ನಕ್ಕಳು. ಅತ್ತೆ ನೋಡಿ, ಇದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಎತ್ತಿಡು ಅಂದರು.

ಆಮೇಲೆ ದಿನವೂ ಸಂಜೆ, ರಜೆಯ ದಿನ ಬೆಳಗ್ಗೆಯೂ, ಅವಳು ಓಡುವಾಗ ನಾನು ಕ್ಯಾಮೆರಾ ಹಿಡಿದು ಹೋಗತೊಡಗಿದೆ. ರೋಲು ಸುಮ್ಮನೆ ಸಿಗುವುದಲ್ಲವಾದ್ದರಿಂದ ಖಾಲಿ ಕ್ಯಾಮೆರಾ ಹಿಡಿದೇ ಅಭ್ಯಾಸ. ಹೊಸ ಹವ್ಯಾಸಕ್ಕೆ ಅತ್ತೆ ಅಡ್ಡಿ ಮಾಡಲಿಲ್ಲ. ಹೋಗಲಿ, ಅದನ್ನಾದರೂ ಮಾಡಲಿ ಬಿಡು ಎಂದು ಮಗನಿಗೆ ಹೇಳಿದರಂತೆ.

ಡಬ್ಬ ಕ್ಯಾಮೆರಾದಲ್ಲಿ ತಿರುಗಿಸುವಂಥದ್ದು ಏನೂ ಇರಲಿಲ್ಲ. ಒಂದು ಕಣ್ಣು, ಪಕ್ಕದಲ್ಲಿ ಒತ್ತುವ ಒಂದು ಕೊಕ್ಕೆ, ಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಗಾಜಿನ ಕಿಟಕಿ. ಹೊಟ್ಟೆಗೆ ಒತ್ತಿ ಹಿಡಿದು, ತಲೆ ಬಗ್ಗಿಸಿ ಆ ಕಿಟಕಿಯಲ್ಲಿ ನೋಡಬೇಕು. ಬಿಸಿಲಿನಲ್ಲಿ ಅದರೊಳಗೆ ನನ್ನ ಮುಖವೂ ಆಕಾಶವೂ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸೆರಗನ್ನು ತಲೆಯ ಮೇಲಿಂದ ಎಳೆದು ಕ್ಯಾಮೆರಾವನ್ನೂ ಮುಚ್ಚಿಕೊಂಡಾಗ ಕಿಟಕಿ ತೆರೆಯಿತು. ಮೈದಾನದ ಅಂಚಿನಲ್ಲಿ ಗಾಳಿ ಸೇವನೆಗೆ ಬರುತ್ತಿದ್ದ ಹಿರಿಯರೊಬ್ಬರು ಇದನ್ನು ಬೇರೆ ರೀತಿ ತಿಳಿದು, ಕಾನ್ವೆಂಟಿನಲ್ಲಿ ಓದಿದರೂ ನಿಮ್ಮ ಸೊಸೆ ಗಂಡಸರ ಮುಂದೆ ತಲೆ ಮೇಲೆ ಸೆರಗು ಹೊದೆಯುತ್ತಾಳೆ ಎಂದು ಅತ್ತೆಯ ಹತ್ತಿರ ಮೆಚ್ಚಿಕೊಂಡಿದ್ದರು. ಅತ್ತೆ ಬಹಳ ದಿನ ಆ ಮಾತನ್ನು ಹೇಳಿಕೊಂಡು ತಿರುಗಿದರು.

ಮೈದಾನದ ಗೋಡೆಯ ಮೇಲೆ ಕೂರುತ್ತಿದ್ದ ಹಳ್ಳಿಯ ಹುಡುಗರಿಗೆ ಮಾತ್ರ ಹಾಗೆ ಕಾಣಲಿಲ್ಲ.

"ಏನ್ಲಾ, ಅಮ್ನೋರು ಡಬ್ಬದೊಳಕ್ಕೆ ಬಗ್ಗಿ ಬಗ್ಗಿ ಏನ್ ನೋಡ್ತವ್ರೆ?"

"ಅನ್ನ ಬೆಂದೈತಾ ಅಂತ ನೋಡ್ತವ್ರೆ ಕಣ್ಲಾ."

ನಾದಿನಿ ಓಡುವುದನ್ನು ಬಿಟ್ಟು ಅಲ್ಲೇ ಕೂತು ನಕ್ಕಳು. ನನಗೆ ನಗು ಬರಲಿಲ್ಲ, ಆದರೆ ಅವರು ಹೇಳಿದ್ದು ಸರಿಯಾಗಿದೆ ಅನ್ನಿಸಿತು. ಅನ್ನದ ಪಾತ್ರೆಗೆ ಬಗ್ಗುವ ಹಾಗೇ ನಾನು ಬಗ್ಗುತ್ತಿದ್ದೆ.

ಆ ಗಾಜಿನ ಕಿಟಕಿ ಕನ್ನಡಿಯ ಹಾಗೆ ಎಡಬಲ ಅದಲುಬದಲು ಮಾಡುತ್ತದೆ. ಅವಳು ನನ್ನ ಎಡದಿಂದ ಬಂದರೆ ಕಿಟಕಿಯಲ್ಲಿ ಬಲದಿಂದ ಬರುತ್ತಿದ್ದಳು. ಅವಳ ಜೊತೆ ಕ್ಯಾಮೆರಾ ತಿರುಗಿಸಲು ಹೋಗಿ ಎದುರು ದಿಕ್ಕಿಗೆ ತಿರುಗಿಸಿಬಿಡುತ್ತಿದ್ದೆ. ಬೈತಲೆ ತೆಗೆಯುವಾಗ ಕನ್ನಡಿ ನೋಡಿಕೊಂಡೇ ಬಾಚಣಿಗೆ ಸರಿಯಾದ ಕಡೆ ಹೋಗುತ್ತದಲ್ಲ, ಕೈಗೆ ಆ ರೂಢಿ ಬರುವ ತನಕ ಅದನ್ನೇ ಮಾಡಿದೆ. ಕೊನೆಗೆ ತಿಳಿದದ್ದು, ತಿರುಗಿಸುವ ಗೋಜೇ ಬೇಡ ಎಂದು. ಅಡ್ಡ ಓಡಿದರೆ ಅವಳು ಹೊಗೆಯಾಗುತ್ತಾಳೆ. ನನ್ನ ಕಡೆಗೇ, ಸ್ವಲ್ಪ ಓರೆಯಾಗಿ ಬಂದರೆ ಮನುಷ್ಯಳಾಗಿಯೇ ಉಳಿಯುತ್ತಾಳೆ. ಎರಡನೆಯ ರೋಲಿನಲ್ಲಿ ಇದು ಗೊತ್ತಾಯಿತು. ಇನ್ನೊಂದು ಗೊತ್ತಾದದ್ದು ಉಸಿರಿನ ವಿಷಯ. ಕಾನ್ವೆಂಟಿನಲ್ಲಿ ಪಿಯಾನೋ ಕಲಿಸುತ್ತಿದ್ದ ಮದರ್ ಒಬ್ಬರು ಮೊದಲ ಸ್ವರ ಒತ್ತುವ ಮುಂಚೆ ಉಸಿರನ್ನು ಬಿಟ್ಟು ಬಿಡಿ, ಹಿಡಿಯಬೇಡಿ ಎನ್ನುತ್ತಿದ್ದರು. ಹಿಡಿದ ಉಸಿರು ಹೊಟ್ಟೆಯನ್ನು ನಡುಗಿಸುತ್ತದೆ, ಹೊಟ್ಟೆಗೆ ಒರಗಿದ ಡಬ್ಬ ಅಲುಗುತ್ತದೆ.

ಬಿಸಿಲು ಮಾತ್ರ ಬಗ್ಗಲಿಲ್ಲ. ಸ್ಟುಡಿಯೋದವರು ಒಳ್ಳೆಯ ಮನುಷ್ಯರು, ಸೂರ್ಯ ನಿಮ್ಮ ಬೆನ್ನಿಗಿರಲಿ ತಾಯಿ ಎಂದು ಹೇಳಿ ಕಳಿಸಿದ್ದರು. ಬೆನ್ನಿಗಿಟ್ಟುಕೊಂಡರೆ ಓಡಿ ಬರುವವಳು ಕಣ್ಣು ಕಿರಿದು ಮಾಡಿ ಮುಖ ಗಂಟಿಕ್ಕುತ್ತಿದ್ದಳು. ನಡು ಹೊತ್ತಿನಲ್ಲಿ ಸೂರ್ಯ ಬೆನ್ನಿಗೂ ಇರುವುದಿಲ್ಲ, ಎದುರಿಗೂ ಇರುವುದಿಲ್ಲ, ನೆತ್ತಿಯ ಮೇಲಿರುತ್ತಾನೆ. ಆಗ ಮತ್ತೆ ಅದೇ ಕಣ್ಣಿನ ಗುಳಿ, ಅದೇ ಮೀಸೆ. ಇದಕ್ಕೆ ದಾರಿ ಕಂಡದ್ದು ನಮ್ಮ ತಾರಸಿಯ ಮೇಲೆ. ಅತ್ತೆ ಬಿಳಿ ಪಂಚೆ ಹಾಸಿ ಅರಳು ಸಂಡಿಗೆ ಇಡುತ್ತಿದ್ದರು. ನಾನು ಹಿಟ್ಟಿನ ಪಾತ್ರೆ ಹಿಡಿದು ನಿಂತಿದ್ದೆ. ಸುಡುವ ಮಧ್ಯಾಹ್ನದ ಬಿಸಿಲಿನಲ್ಲಿ, ಬಗ್ಗಿದ್ದ ಅವರ ಮುಖದಲ್ಲಿ ಒಂದು ಚೂರೂ ನೆರಳಿರಲಿಲ್ಲ. ಗಲ್ಲದ ಕೆಳಗಿನ ಸುಕ್ಕುಗಳು ಕೂಡ ಒಂದೊಂದಾಗಿ ಕಾಣುತ್ತಿದ್ದವು. ಪಂಚೆ ಬೆಳಕನ್ನು ಕೆಳಗಿನಿಂದ ಎತ್ತಿ ಕೊಡುತ್ತಿತ್ತು. ಅತ್ತೆ ತಲೆ ಎತ್ತಿ ಏನಮ್ಮ ಹಂಗೆ ನೋಡ್ತೀಯ ಅಂದರು. ಏನಿಲ್ಲ ಅಂದೆ.

ಜಿಲ್ಲೆಯ ಶಾಲೆಗಳ ಕ್ರೀಡಾಕೂಟ ಆ ವರ್ಷ ಬೇಲೂರಿನಲ್ಲಿತ್ತು. ನಾದಿನಿಗೆ ಅದೇ ಕೊನೆಯ ಓಟ. ಬಾಣಾವರದ ಕಡೆಯ ಒಂದು ಮನೆಯವರು ಹುಡುಗಿಯ ಫೋಟೋ ಕಳಿಸಿ ಎಂದು ಆಗಲೇ ಹೇಳಿ ಕಳಿಸಿದ್ದರು. ಪರೀಕ್ಷೆ ಮುಗಿಯುತ್ತಲೇ ಮದುವೆ ಎಂದು ಅತ್ತೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಮಕ್ಕಳ ಜೊತೆ ಯಜಮಾನರೂ ಹೋಗುವವರಿದ್ದುದರಿಂದ ಅತ್ತೆ ನಮ್ಮಿಬ್ಬರನ್ನೂ ಹೋಗಲು ಬಿಟ್ಟರು. ಒಂದು ಕೊಡೆ ಕೊಟ್ಟು, ಓಡುವಾಗ ಬಿಟ್ಟು ಉಳಿದ ಹೊತ್ತೆಲ್ಲ ಅವಳು ಇದರ ಕೆಳಗೇ ಇರಬೇಕು ಎಂದು ನನಗೆ ಒಪ್ಪಿಸಿದರು.

ಬೆಳಗಾಗುವ ಮುಂಚೆ ಹೊರಟ ಬಸ್ಸು ಜಾವಗಲ್ ದಾಟಿ ಹಳೇಬೀಡಿನಲ್ಲಿ ನಿಂತಿತು. ಮಕ್ಕಳಿಗೆ ಅಲ್ಲಿ ಉಪ್ಪಿಟ್ಟು. ನಾನು ದೇವಸ್ಥಾನದ ಗೋಡೆಯ ಹತ್ತಿರ ಹೋಗಿ ನಿಂತೆ. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ಅದನ್ನು ನೋಡಿದ್ದೆ, ಆಗ ಎಲ್ಲವೂ ಒಂದೇ ಬೂದಿ ಬಣ್ಣವಾಗಿ ಕಣ್ಣಿಗೆ ಏನೂ ಹತ್ತಿರಲಿಲ್ಲ. ಈಗ ಬಿಸಿಲು ಪಕ್ಕದಿಂದ ಬಂದು ವಿಗ್ರಹಗಳ ಕಲ್ಲಿನ ಸರದ ಮಣಿಗಳು ಬಿಡಿಬಿಡಿಯಾಗಿ ನಿಂತಿದ್ದವು. ಬೆಳಗಿನ ಓಟಕ್ಕೆ ಇದೇ ಬೆಳಕು ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಹತ್ತು ಗಂಟೆಗೆಲ್ಲ ಹುಡುಗಿಯರ ನೂರು ಗಜದ ಓಟ ಮುಗಿಯುತ್ತದೆ ಎಂದು ಯಜಮಾನರು ಹೇಳಿದ್ದರು.

ಮುಗಿಯಲಿಲ್ಲ. ಮೊದಲ ಸುತ್ತು ಬೆಳಗ್ಗೆಯೇ ಆಯಿತು. ಆಗ ನಾನು ದೂರದಲ್ಲಿ, ಜನರ ಹಿಂದೆ ಸಿಕ್ಕಿಕೊಂಡಿದ್ದೆ. ಆ ಒಳ್ಳೆಯ ಬೆಳಕಿನಲ್ಲಿ ತೆಗೆದದ್ದೆಲ್ಲ ಬೇರೆಯವರ ಬೆನ್ನು, ಹಗ್ಗ, ಒಂದು ಉದ್ದ ಜಿಗಿತ. ಕೊನೆಯ ಸುತ್ತಿನ ಓಟವನ್ನು ಬಹುಮಾನ ಕೊಡಲು ಬರುವ ದೊಡ್ಡವರ ಎದುರಿಗೇ ಓಡಿಸಬೇಕೆಂದು ತಡೆದಿಟ್ಟರು. ದೊಡ್ಡವರ ಜೀಪು ಬಂದದ್ದು ಸೂರ್ಯ ನೆತ್ತಿಗೆ ಬಂದ ಮೇಲೆ. ಅಷ್ಟು ಹೊತ್ತೂ ನಾದಿನಿ ಕೊಡೆಯ ಕೆಳಗೆ ಲಂಗವನ್ನು ಮೊಣಕಾಲಿಗೆ ಬಿಗಿದುಕೊಂಡು ಕೂತಿದ್ದಳು. ದಾವಣಿಯನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದ್ದಳು. ಮಜ್ಜಿಗೆ ಕೊಟ್ಟೆ, ಬೇಡ ಅಂದಳು. ಎಷ್ಟು ಫೋಟೋ ಉಳಿದಿದೆ ಎಂದು ಕೇಳಿದಳು. ಕ್ಯಾಮೆರಾದ ಬೆನ್ನಿನ ಕೆಂಪು ಕಿಂಡಿಯಲ್ಲಿ ಕಾಣುವ ರೋಲಿನ ಅಂಕಿಯನ್ನು ಸೆರಗಿನ ಮರೆಯಲ್ಲಿ ನೋಡಿ, ಒಂದು ಅಂದೆ. ಅವಳು ತಲೆ ಆಡಿಸಿದಳು.

ಗೆರೆಗಳಿಗೆ ಸುಣ್ಣ ಹಾಕಿಸುವ ಕೆಲಸ ನಮ್ಮ ಯಜಮಾನರದು. ಓಟ ಮುಗಿಯುವ ಕಡೆ ಸುಣ್ಣದ ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ನಾನು ಹೋಗಿ, ಅವಳು ಓಡುವ ಓಣಿಯ ಕೊನೆಯಲ್ಲಿ, ಗೆರೆಯ ಈಚೆಗೆ, ಒಂದು ಚಾಪೆಯಷ್ಟು ಅಗಲ ಸುಣ್ಣ ಹರಡಿಸಿ ಎಂದು ಕೇಳಿದೆ.

"ಯಾಕೆ?"

"ಬೆಳಕಿಗೆ."

ಅವರು ಲೆಕ್ಕದ ಮೇಷ್ಟ್ರು, ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಮಳೆಗಾಲದಿಂದ ಈಚೆಗೆ ನಾನು ಅವರನ್ನು ಏನನ್ನೂ ಕೇಳಿರಲಿಲ್ಲ ಎನ್ನುವುದು ಆಮೇಲೆ ನನಗೆ ಹೊಳೆಯಿತು. ಬುಟ್ಟಿಯಲ್ಲಿದ್ದುದನ್ನೆಲ್ಲ ಅಲ್ಲಿ ಸುರಿದು, ಕಾಲಿನಿಂದಲೇ ಹರಡಿದರು. ಅವರ ಕಪ್ಪು ಚಪ್ಪಲಿ ಬೆಳ್ಳಗಾಯಿತು.

ನಾನು ಅದರಾಚೆ ಸ್ವಲ್ಪ ಪಕ್ಕಕ್ಕೆ ನಿಂತು ಸೆರಗು ಎಳೆದುಕೊಂಡೆ. ಒಳಗೆ ಕತ್ತಲೆ, ಬೆವರಿನ ವಾಸನೆ, ಕಾಸಿದ ಕ್ಯಾಮೆರಾದ ತಗಡಿನ ವಾಸನೆ. ಕಿಟಕಿಯಲ್ಲಿ ದೂರದ ಹುಡುಗಿಯರು ಸಾಸಿವೆಯಷ್ಟಿದ್ದರು. ಸೀಟಿ ಕೇಳಿಸಿತು. ಸಾಸಿವೆಯೊಂದು ಕಡಲೆಯಾಯಿತು. ಗದ್ದಲ ಇದ್ದಿರಬೇಕು, ನನಗೆ ಕೇಳಿಸಲಿಲ್ಲ. ಕಡಲೆಗೆ ಕೈಕಾಲು ಬಂದವು. ಮುಖ ಬಂತು, ಬಾಯಿ ತೆರೆದಿತ್ತು, ಜಡೆ ಒಂದು ಪಕ್ಕಕ್ಕೆ ಹಾರಿ ನಿಂತಿತ್ತು. ಅವಳು ಸುಣ್ಣದ ಮೇಲೆ ಬಂದಾಗ ಮುಖ ಒಳಗಿನಿಂದ ದೀಪ ಹಚ್ಚಿದ ಹಾಗೆ ಬೆಳಗಿತು. ಉಸಿರು ಬಿಟ್ಟೆ. ಬೆರಳು ಒತ್ತಿತು. ಅವಳು ನನ್ನ ಪಕ್ಕದಿಂದ ಗಾಳಿಯ ಹಾಗೆ ದಾಟಿ ಹೋದಳು.

ಸಂತೋಷ ಆಗಬೇಕಿತ್ತು. ಏನೂ ಆಗಲಿಲ್ಲ. ಸೆರಗು ಸರಿಸಿ ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಕುಕ್ಕಿತು, ಅಷ್ಟೆ.

ಓಟದಲ್ಲಿ ಅವಳು ಎರಡನೆಯವಳಾಗಿ ಬಂದಳು. ಹಾಸನದ ಹುಡುಗಿಯೊಬ್ಬಳು ಮೊದಲು. ನಾದಿನಿ ಏದುಸಿರು ಬಿಡುತ್ತಾ, ಸೊಂಟ ಹಿಡಿದುಕೊಂಡು ಬಂದಳು. ಬಹುಮಾನದ ಸುದ್ದಿ ಎತ್ತಲಿಲ್ಲ.

"ಸಿಕ್ಕಿದೆನಾ?" ಅಂದಳು.

ಸಿಕ್ಕಿದೀಯ ಅಂದೆ. ಅದೊಂದು ನನಗೆ ಗೊತ್ತಿತ್ತು.

ಅರಸೀಕೆರೆಗೆ ಬಂದ ಮಾರನೆಯ ದಿನ ರೋಲನ್ನು ಸ್ಟುಡಿಯೋಕ್ಕೆ ಕೊಟ್ಟೆ. ಎಲ್ಲವನ್ನೂ ಚಿಕ್ಕದಾಗಿ ಹಾಕಿ, ಕೊನೆಯದು ನಮ್ಮ ನಾದಿನಿಯದು, ಅದನ್ನು ಒಂದು ದೊಡ್ಡದಾಗಿ ಮಾಡಿ ಎಂದು ಹೇಳಿದೆ. ಸ್ಟುಡಿಯೋದವರು ಆಗಲಿ ತಾಯಿ ಅಂದರು. ಅದೇ ವಾರ ಅತ್ತೆ ಪೇಟೆಗೆ ಹೋದವರು ಸ್ಟುಡಿಯೋದ ಮುಂದೆ ನಿಂತು, ಬಾಣಾವರದವರು ಫೋಟೋ ಕೇಳುತ್ತಿದ್ದಾರೆ, ನೀವು ತೆಗೆದದ್ದು ಸರಿ ಬರಲಿಲ್ಲ, ಹುಡುಗಿಯನ್ನು ಇನ್ನೊಂದು ಸಲ ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಬಂದಿದ್ದರು. ಅವರು ಹೇಳಿದ್ದು ನನಗೆ ಗೊತ್ತಿರಲಿಲ್ಲ. ನಾನು ಹೇಳಿದ್ದು ಅವರಿಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದದ್ದು ಸ್ಟುಡಿಯೋದವರಿಗೆ ಮಾತ್ರ.

ಲಕೋಟೆ ಮನೆಗೆ ಬಂದಾಗ ಅದನ್ನು ಬಿಚ್ಚಿದ್ದು ಅತ್ತೆ. ಏಳು ಚಿಕ್ಕ ಫೋಟೋಗಳನ್ನು ಪಕ್ಕಕ್ಕಿಟ್ಟು ದೊಡ್ಡದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ನಮ್ಮ ಹುಡುಗಿ ಇಷ್ಟು ಲಕ್ಷಣವಾಗಿದ್ದಾಳಾ ಅಂದರು. ಕಣ್ಣಂಚಿಗೆ ಸೆರಗು ಒತ್ತಿಕೊಂಡರು.

ಮೊಟ್ಟೆಯಾಕಾರದ ಬಿಳಿ ಬಯಲಿನ ನಡುವೆ ನಾದಿನಿಯ ತಲೆ, ಕತ್ತು, ಭುಜ. ಮುಖ ಬೆಣ್ಣೆಯ ಹಾಗಿತ್ತು. ಬಾಯಿ ಮುಚ್ಚಿತ್ತು, ತುಟಿಯ ತುದಿಯಲ್ಲಿ ಸಣ್ಣ ನಗು. ಕತ್ತಿನಲ್ಲಿ ಉಬ್ಬಿದ್ದ ನರ ಇರಲಿಲ್ಲ. ಹಣೆಗೆ ಅಂಟಿದ್ದ ಕೂದಲೂ ಇರಲಿಲ್ಲ. ಕಣ್ಣು ಮಾತ್ರ ಅವಳದೇ, ಎಲ್ಲಿಗೋ ಹೋಗಿ ಮುಟ್ಟಬೇಕು ಎನ್ನುವ ಹಾಗೆ ನೋಡುತ್ತಿತ್ತು. ಅದರಿಂದಲೇ ಆ ಮುಖಕ್ಕೆ ಅಷ್ಟು ಕಳೆ ಬಂದಿತ್ತು.

ಸ್ಕೂಲಿನಿಂದ ಬಂದ ನಾದಿನಿ ಪುಸ್ತಕ ಇಡದೆ ನಿಂತೇ ನೋಡಿದಳು. ಫೋಟೋವನ್ನು ತಿರುಗಿಸಿ ಹಿಂದೆಯೂ ನೋಡಿದಳು. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದಳು:

"ಕಾಲೆಲ್ಲಿ ಅತ್ತಿಗೆ?"

ಸಂಜೆಯೊಳಗೆ ಆ ಫೋಟೋ ಯಜಮಾನರ ಕೈಯಲ್ಲಿ ಬಾಣಾವರಕ್ಕೆ ರೈಲು ಹತ್ತಿತು.

ಮರುದಿನ ಮಧ್ಯಾಹ್ನ ನಾನು ಸ್ಟುಡಿಯೋಕ್ಕೆ ಹೋದೆ. ಒಬ್ಬಳೇ ಪೇಟೆಗೆ ಹೋದದ್ದು ಹೆರಿಗೆಯಾದ ಮೇಲೆ ಅದೇ ಮೊದಲು. ಸ್ಟುಡಿಯೋದವರಿಗೆ ನಾನು ಹೊಗಳಲು ಬಂದಿದ್ದೇನೆ ಅನ್ನಿಸಿತು. ಕುರ್ಚಿ ಒರೆಸಿ ಕೂರಿಸಿದರು. ಆ ನೆಗೆಟಿವಿನಲ್ಲಿ ಮುಖ ಒಂದು ಅವರೆಕಾಳಿನಷ್ಟಿತ್ತಂತೆ. ನೆಗೆಟಿವಿನಲ್ಲಿ ಕಪ್ಪಾದದ್ದು ಫೋಟೋದಲ್ಲಿ ಬಿಳಿಯಾಗುತ್ತದೆ, ಹಾಗಾಗಿ ಭೂತಕನ್ನಡಿ ಹಿಡಿದು, ಕಿಟಕಿಯ ಬೆಳಕಿನಲ್ಲಿ, ಚೂಪು ಪೆನ್ಸಿಲಿನಿಂದ ಮುಖ ಬೆಳ್ಳಗೆ ಮಾಡಿದ್ದರು. ಹಲ್ಲು ಕಾಣುತ್ತಿದ್ದ ಕಡೆ ಬ್ಲೇಡಿನ ತುದಿಯಿಂದ ಕೆರೆದು ಬಾಯಿ ಮುಚ್ಚಿದ್ದರು. ಭುಜದಿಂದ ಕೆಳಗಿನದನ್ನೆಲ್ಲ ಕೆಂಪು ಬಣ್ಣ ಬಳಿದು ಮರೆ ಮಾಡಿದ್ದರು. ಎರಡು ಮಧ್ಯಾಹ್ನದ ಕೆಲಸ ಅಂದರು. ಹೇಳುವಾಗ ಅವರ ಬೆರಳುಗಳು ಆ ಕೆಲಸವನ್ನೇ ಮತ್ತೆ ಮಾಡುತ್ತಿದ್ದವು.

ನಾನು ಕೇಳಿದ್ದು ಓಟದ ಫೋಟೋ ಎಂದೆ. ಅವರಿಗೆ ಅರ್ಥವಾಗಲಿಲ್ಲ.

"ಮದುವೆ ಹೆಣ್ಣಿನ ಫೋಟೋ ಟಚ್ ಮಾಡ್ದೆ ನನ್ನ ಅಂಗಡಿಯಿಂದ ಹೊರಗೆ ಹೋಗಿದ್ದಿಲ್ಲ ತಾಯಿ. ಬಾಯಿ ತಕ್ಕೊಂಡು ಓಡೋ ಹೆಣ್ಣನ್ನ ಹಂಗೇ ಹೆಂಗೆ ಕೊಡ್ಲಿ? ನಿಮ್ಮತ್ತೆಯವರು ನನ್ನ ಸುಮ್ನೆ ಬಿಡ್ತಾರಾ?"

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ಊರಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಮೊದಲಿದ್ದ ಹಾಗೆ ಮಾಡಬಹುದೇ ಎಂದು ಕೇಳಿದೆ. ಕೆಂಪು ಬಣ್ಣ ನೀರಿಗೆ ಹೋಗುತ್ತದೆ, ಕೆರೆದದ್ದು ಹೋಗುವುದಿಲ್ಲ ಎಂದರು. ಹೋಗುವಷ್ಟು ಹೋಗಲಿ, ಇಡೀ ಫೋಟೋ ಒಂದು ಹಾಕಿಕೊಡಿ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ನಮ್ಮ ಮನೆಯ ಸುದ್ದಿ ಅವರಿಗೂ ಗೊತ್ತಿತ್ತು. ಮಗು ಕಳೆದುಕೊಂಡವಳು, ಏನೋ ಕೇಳುತ್ತಾಳೆ, ಕೊಟ್ಟುಬಿಡೋಣ ಎಂದುಕೊಂಡಿರಬೇಕು. ತಟ್ಟೆಯಲ್ಲಿ ನೀರು ಹಾಕಿ ನೆಗೆಟಿವನ್ನು ಅದರಲ್ಲಿ ಬಿಟ್ಟರು. ಕುಂಕುಮದ ನೀರಿನ ಹಾಗೆ ಬಣ್ಣ ಬಿಡತೊಡಗಿತು. ನಾನು ಅದು ತಿಳಿಯಾಗುವವರೆಗೆ ನೋಡುತ್ತಾ ಕೂತಿದ್ದೆ.

ಬಾಣಾವರದವರು ಒಪ್ಪಿದ ಸುದ್ದಿ ಬಂದ ದಿನವೇ ಆ ಫೋಟೋವೂ ಕೈಗೆ ಬಂತು. ಮನೆಯಲ್ಲಿ ಸಜ್ಜಿಗೆ ಮಾಡಿದ್ದೆವು. ಹುಡುಗಿಯ ಕಣ್ಣಿನಲ್ಲಿ ಎಂಥ ಕಳೆ ಇದೆ ಎಂದು ಗಂಡಿನ ತಾಯಿ ಹೇಳಿದರಂತೆ. ಅತ್ತೆ ಅದನ್ನು ಬಂದವರಿಗೆಲ್ಲ ಹೇಳುತ್ತಾ ನಡುಮನೆಯಲ್ಲಿ ಕೂತಿದ್ದರು. ನಾನು ನಾದಿನಿಯನ್ನು ಕಣ್ಣಿನಲ್ಲೇ ಕರೆದು ತಾರಸಿಗೆ ಹೋದೆ. ಅವಳು ಕೈ ಸೀರೆಗೆ ಒರೆಸಿಕೊಂಡು ಬಂದಳು. ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಅವಳಿಗೆ ಆ ವಾರದಿಂದ ಸೀರೆ ಉಡಿಸುತ್ತಿದ್ದರು.

ಫೋಟೋ ನೋಡಿ ಅವಳು ಮೊದಲು ನಕ್ಕಳು, ಆಮೇಲೆ ನಗು ನಿಂತಿತು. ಕತ್ತಿನಿಂದ ಕೆಳಗೆ ಒಬ್ಬ ಹುಡುಗಿ ಬಿಟ್ಟ ಬಾಣದ ಹಾಗೆ ಬರುತ್ತಿದ್ದಳು. ಒಂದು ಮುಷ್ಟಿ ಎದೆಯ ಹತ್ತಿರ, ಒಂದು ಹಿಂದೆ. ತೊಡೆಯ ಮೇಲೆ ಲಂಗ ಬಿಗಿದಿತ್ತು. ಕತ್ತಿನಿಂದ ಮೇಲೆ ಸ್ಟುಡಿಯೋದ ಕುರ್ಚಿಯಲ್ಲಿ ಕೂತ ಒಬ್ಬಳು ಮೆಲ್ಲಗೆ ನಗುತ್ತಿದ್ದಳು.

ಅವಳು ಹೆಬ್ಬೆರಳನ್ನು ಆ ಮುಖದ ಮೇಲಿಟ್ಟು ಮುಚ್ಚಿದಳು. ಹಾಗೇ ಹಿಡಿದು ನೋಡಿದಳು. ಬೆರಳು ತೆಗೆದಳು, ಮತ್ತೆ ಇಟ್ಟಳು.

"ಕತ್ತರಿ ತರ್ತೀರಾ ಅತ್ತಿಗೆ?"

ತಂದುಕೊಟ್ಟೆ. ತಲೆ ಇಲ್ಲದ ಫೋಟೋ ಮನೆಯಲ್ಲಿಟ್ಟುಕೊಳ್ಳುವುದು ಅಪಶಕುನ ಎಂದು ಅತ್ತೆ ಕಂಡರೆ ಹೇಳುತ್ತಿದ್ದರು, ಗಂಡಿನ ಕಡೆಯವರು ಒಪ್ಪಿದ ದಿನವಂತೂ ಹೇಳಿಯೇ ಹೇಳುತ್ತಿದ್ದರು. ಅವಳು ತಾರಸಿಯ ಕಟ್ಟೆಯ ಮೇಲೆ ಫೋಟೋ ಇಟ್ಟುಕೊಂಡು, ರವಿಕೆ ಕತ್ತರಿಸುವಾಗಿನಷ್ಟು ಜೋಪಾನವಾಗಿ, ಕತ್ತಿನ ಗೆರೆಯ ಗುಂಟ ಕತ್ತರಿ ಆಡಿಸಿದಳು. ದಪ್ಪ ಕಾಗದ, ಕರಕರ ಎಂದಿತು. ಮುಖದ ಚೂರನ್ನು ನನ್ನ ಕೈಗಿಟ್ಟಳು.

"ಇವಳು ಬಾಣಾವರಕ್ಕೆ ಹೋಗಿಯಾಯ್ತಲ್ಲ," ಅಂದಳು.

ಉಳಿದದ್ದನ್ನು ಎರಡು ಕೈಯಲ್ಲೂ ಹಿಡಿದು ಬಿಸಿಲಿಗೆ ಒಡ್ಡಿದಳು. ಅವಳ ಬೆನ್ನ ಮೇಲೆ ಕೈ ಇಡಬೇಕು ಎಂದು ನನಗೆ ತಿಳಿಯಿತು, ಇಟ್ಟೆ. ಸೀರೆಯ ಗಂಜಿ ಕೈಗೆ ಹತ್ತಿತು. ಕೆಳಗೆ ಅತ್ತೆ ಯಾರಿಗೋ ಕಾಫಿ ತನ್ನಿ ಎಂದು ನಮ್ಮಿಬ್ಬರನ್ನೂ ಕೂಗುತ್ತಿದ್ದರು.

"ಹಿಂಗೆ ಓಡ್ತಿದ್ನಾ ನಾನು?" ಅಂದಳು.

ಹಿಂಗೇ ಅಂದೆ. ಅವಳ ಭುಜದ ಮೇಲಿನಿಂದ ನಾನೂ ಬಗ್ಗಿ ನೋಡಿದೆ. ನಡು ಹೊತ್ತಿನ ನೆರಳು ಸುಣ್ಣದ ಮೇಲೆ ಒಂದು ಕಪ್ಪು ಮುದ್ದೆಯಾಗಿ ಬಿದ್ದಿತ್ತು. ಎರಡು ಪಾದಗಳೂ ನೆಲ ಬಿಟ್ಟು ಅದರಿಂದ ಮೇಲಿದ್ದವು. ಪಾದಕ್ಕೂ ನೆರಳಿಗೂ ನಡುವೆ ಒಂದು ಬೆರಳಿನಷ್ಟು ಬಿಸಿಲಿತ್ತು. ಅದನ್ನು ಅವಳಿಗೆ ತೋರಿಸಿದೆ.